ಶಾಲು ಹೊದಿಸುವ ಮೊದಲು ಕಾಗದ ಓದಿ



ಬಹಳ ದಿನಗಳಿಂದ ಏನೂ ಬರೆದಿರಲಿಲ್ಲ. ಮಾರ್ಚ್ ಬಂತೆಂದರೆ ಬ್ಯಾಂಕಿನವರಿಗೆ ಬರೆಯುವುದಿರಲಿ, ನೆಟ್ಟಗೆ ಊಟ ಮಾಡುವುದಕ್ಕೂ ಪುರುಸೊತ್ತಿರುವುದಿಲ್ಲ. ಆದರೂ ಇವತ್ತು ಬರೆದೇ ಮಲಗಬೇಕು ಅಂತ ಕೂತಿದ್ದೇನೆ. ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ಸಿಟ್ಟು ಬರಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ, ಅದನ್ನು ಮುಂದೆ ಹೇಳುತ್ತೇನೆ.

ಫೆಬ್ರವರಿಯ ಕೊನೆಯ ಭಾನುವಾರ ನಮ್ಮ ಸಂಘದ ಹಾಲ್‌ನಲ್ಲಿ ಒಂದು ಸಣ್ಣ ಸನ್ಮಾನ ಇತ್ತು. ಸನ್ಮಾನ ಯಾರಿಗೆ ಅಂದರೆ ನನ್ನ ಅಕ್ಕನ ಮಗಳಿಗೆ. ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯಲ್ಲಿ. ಬಿಎಸ್ಸಿ ಮುಗಿಸಿ ಎರಡು ವರ್ಷ ಬಿಎಡ್ ಮಾಡಿದಳು. ಶಾರ್ಜಾದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿದೆ. ಜೀವನದ ಮೊದಲ ಕೆಲಸ. ಅಲ್ಲಿನ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ಹಾಗಾಗಿ ಮನೆಯಲ್ಲಿ ಈಗ ಬರೀ ಸೂಟ್‌ಕೇಸು, ತೂಕದ ಯಂತ್ರ, ಉಪ್ಪಿನಕಾಯಿ ಡಬ್ಬಿಗಳ ಸಂಭ್ರಮ.

ಹಾಲ್‌ನಲ್ಲಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಸ್ಮರಣಿಕೆ ಕೊಟ್ಟರು. ನಾಲ್ಕು ಭಾಷಣ ಆಯಿತು. "ನಮ್ಮ ಸಮಾಜಕ್ಕೆ ಹೆಮ್ಮೆ", "ಕನ್ನಡದ ಕೀರ್ತಿ ಕಡಲಾಚೆ"... ಇದೇ ಮಾತುಗಳು. ಆಮೇಲೆ ಗೋಳಿಬಜೆ, ಶೀರಾ, ಚಾ. ನಾಲ್ಕನೆಯ ಭಾಷಣ ಮಾಡಿದವನು ನಾನು. ಮೂರು ನಿಮಿಷ ಮಾತಾಡಿದೆ. ನಾನೂ ಅದೇ "ಹೆಮ್ಮೆ" ಅಂದೆ.

ಆದರೆ ಹಿಂದಿನ ದಿನ ರಾತ್ರಿ ಆ ಹುಡುಗಿ ನನ್ನ ಕೈಗೆ ಏಳು ಪುಟದ ಒಂದು ಕಾಗದ ಕೊಟ್ಟಿದ್ದಳು. "ಮಾವ, ಇದ್ರಲ್ಲಿ ಎಂತ ಉಂಟು ಅಂತ ಒಮ್ಮೆ ನೋಡಿ. ನಂಗೆ ಅರ್ಧ ಅರ್ಥ ಆಗ್ಲಿಲ್ಲ." ನಾನು ಸಾಲದ ಮಂಜೂರಾತಿ ಪತ್ರ ಓದುವ ಹಾಗೆ, ಬೆರಳಿಟ್ಟು, ಸಾಲು ಸಾಲಾಗಿ ಓದಿದ್ದೆ. ಓದಿ ನಿದ್ದೆ ಬಂದಿರಲಿಲ್ಲ. ಆದರೂ ಮರುದಿನ ವೇದಿಕೆಯ ಮೇಲೆ ಆ ಕಾಗದದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಕ್ಕ ಮೊದಲ ಸಾಲಿನಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಸಂತೋಷಕ್ಕೆ ಕಲ್ಲು ಹಾಕುವ ಧೈರ್ಯ ನನಗಾಗಲಿಲ್ಲ. ಅವತ್ತು ಹೇಳದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಕಾಗದದ ವಿಷಯ. ಒಟ್ಟು ಸಂಬಳ ತಿಂಗಳಿಗೆ 3,500 ದಿರ್ಹಾಮ್. ದಿರ್ಹಾಮಿಗೆ 24 ರೂಪಾಯಿ ಅಂತ ಲೆಕ್ಕ ಹಿಡಿದರೆ 84,000 ರೂಪಾಯಿ. ಈ ಸಂಖ್ಯೆ ಕೇಳಿದ ಕೂಡಲೇ ನಮ್ಮ ಜನರ ಬಾಯಿ ತೆರೆಯುತ್ತದೆ, ಕಣ್ಣು ಮುಚ್ಚುತ್ತದೆ. ಆದರೆ ಕೆಳಗಿನ ಸಾಲು ನೋಡಿ. ಈ 3,500ರಲ್ಲಿ ಮೂಲವೇತನ ಬರೀ 1,400. ಉಳಿದದ್ದೆಲ್ಲ ಮನೆಬಾಡಿಗೆ ಭತ್ಯೆ, ಓಡಾಟದ ಭತ್ಯೆ, "ಇತರೆ".

"ಯಾವ ಹೆಸರಲ್ಲಿ ಕೊಟ್ಟರೇನು, ಕೈಗೆ ಬರುವುದು ಅಷ್ಟೇ ಅಲ್ಲವಾ?" ಅಂತ ಅಕ್ಕ ಕೇಳಿದಳು. ಅಲ್ಲ. ಆ ದೇಶದ ಕಾನೂನಿನಂತೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಯಿಟಿಗೆ ಮೂಲವೇತನವೇ ಲೆಕ್ಕ. ಒಂದು ವರ್ಷ ಪೂರೈಸಿದ ಮೇಲೆ, ಮೊದಲ ಐದು ವರ್ಷಗಳ ಪ್ರತಿ ವರ್ಷಕ್ಕೆ 21 ದಿನಗಳ ಮೂಲವೇತನ. ಮೂಲವೇತನ 1,400 ಆದರೆ ವರ್ಷಕ್ಕೆ 980 ದಿರ್ಹಾಮ್. ಅದೇ 2,100 ಆಗಿದ್ದರೆ 1,470. ಮೂರು ವರ್ಷ ದುಡಿದರೆ ವ್ಯತ್ಯಾಸ 1,470 ದಿರ್ಹಾಮ್, ಅಂದರೆ 35,000 ರೂಪಾಯಿ ದಾಟಿತು. ಒಂದು ಸಂಖ್ಯೆಯನ್ನು ಎರಡಾಗಿ ಒಡೆದು ಬರೆದದ್ದಕ್ಕೆ ಇಷ್ಟು ನಷ್ಟ. ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೂತವನಿಗೆ ಇದು ಎರಡು ನಿಮಿಷದಲ್ಲಿ ಕಾಣುತ್ತದೆ. ಇಪ್ಪತ್ನಾಲ್ಕು ವರ್ಷದ ಹುಡುಗಿಗೆ ಹೇಗೆ ಕಾಣಬೇಕು?

ಮುಂದೆ ಹೋದೆ. ನಾಲ್ಕನೆಯ ಪುಟದಲ್ಲಿ, "ಸುರಕ್ಷತೆಗಾಗಿ" ಮೂಲ ಸರ್ಟಿಫಿಕೇಟುಗಳನ್ನು ಶಾಲೆಯ ವಶದಲ್ಲಿ ಇಡಬೇಕು ಅಂತ ಬರೆದಿತ್ತು. ಯಾರ ಸುರಕ್ಷತೆ ಸ್ವಾಮಿ? ಐದನೆಯ ಪುಟದಲ್ಲಿ, ಎರಡು ವರ್ಷದೊಳಗೆ ಬಿಟ್ಟರೆ ವೀಸಾ ಖರ್ಚು, ನೇಮಕಾತಿ ಖರ್ಚು ವಾಪಸು ಕೊಡಬೇಕು ಅಂತ. ಜುಲೈ-ಆಗಸ್ಟ್ ರಜೆಯ ಸಂಬಳದ ಬಗ್ಗೆ ಒಂದಕ್ಷರವೂ ಇಲ್ಲ. ಯುಎಇಯ ಕಾರ್ಮಿಕ ಕಾನೂನು 2021ರಲ್ಲಿ ಹೊಸದಾಗಿ ಬಂದು 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ. ನೌಕರರ ಅಧಿಕೃತ ದಾಖಲೆಗಳನ್ನು ಮಾಲೀಕ ಹಿಡಿದಿಟ್ಟುಕೊಳ್ಳಬಾರದು, ನೇಮಕಾತಿಯ ಖರ್ಚನ್ನು ನೌಕರರ ತಲೆಗೆ ಕಟ್ಟಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಈ ಕಾಗದದಲ್ಲಿದ್ದ ಎರಡು ಷರತ್ತು ಆ ದೇಶದಲ್ಲೇ ನಡೆಯುವಂಥದ್ದಲ್ಲ. ಆದರೆ ನಾವು ಓದುವುದಿಲ್ಲ ಎಂಬ ಭರವಸೆಯಿಂದ ಬರೆದಿದ್ದಾರೆ. ಆ ಭರವಸೆ ಸುಳ್ಳಲ್ಲ, ಅದೇ ಬೇಸರ.

ಇನ್ನೂ ಒಂದು ಮಾತು. ಅಲ್ಲಿನ ಕಾರ್ಮಿಕ ಸಚಿವಾಲಯದ್ದೇ ಒಂದು ನಿಗದಿತ ಆಫರ್ ಪತ್ರ ಇರುತ್ತದೆ. 2016ರಿಂದ, ಹೊರಡುವ ಮೊದಲೇ ನೌಕರರು ಅದನ್ನು ಓದಿ ಸಹಿ ಮಾಡಬೇಕು, ಆಮೇಲೆ ಮಾಡುವ ಕರಾರಿನಲ್ಲಿ ಅದರ ಷರತ್ತುಗಳನ್ನು ನೌಕರರಿಗೆ ನಷ್ಟವಾಗುವಂತೆ ಬದಲಾಯಿಸಬಾರದು. ಈ ಪತ್ರ ಅರಬ್ಬಿ, ಇಂಗ್ಲಿಷ್ ಮಾತ್ರವಲ್ಲ, ನೌಕರರಿಗೆ ಅರ್ಥವಾಗುವ ಮೂರನೆಯ ಭಾಷೆಯಲ್ಲೂ ಸಿಗುವಂತೆ ಮಾಡಿದರು. ಹಿಂದಿ, ಉರ್ದು, ಬಂಗಾಳಿ, ನೇಪಾಳಿ, ಸಿಂಹಳ, ಮಲಯಾಳಂ, ತಮಿಳು ಆ ಪಟ್ಟಿಯಲ್ಲಿ ಇದ್ದವು. ಕನ್ನಡ ಇರಲಿಲ್ಲ. ಮಂಗಳೂರು, ಉಡುಪಿ, ಭಟ್ಕಳದಿಂದ ಎಷ್ಟು ಮನೆಗಳ ಮಕ್ಕಳು ಕೊಲ್ಲಿಯಲ್ಲಿದ್ದಾರೆ ಅಂತ ನಿಮಗೆ ಗೊತ್ತು. ಕನ್ನಡದ ಕೀರ್ತಿ ಕಡಲಾಚೆ ಹಬ್ಬಿದೆ ಅಂತ ಭಾಷಣ ಮಾಡುವ ನಾವು, ಆ ಪಟ್ಟಿಯಲ್ಲಿ ಕನ್ನಡ ಯಾಕಿಲ್ಲ ಅಂತ ಯಾವ ವೇದಿಕೆಯಲ್ಲಿ ಕೇಳಿದ್ದೇವೆ?

ನಮ್ಮ ಹುಡುಗಿಗೆ ಇಂಗ್ಲಿಷ್ ಬರುತ್ತದೆ, ಅದು ಬೇರೆ ಮಾತು. ಆದರೆ ಅವಳಿಗೆ ಆ ಪತ್ರವನ್ನೇ ಯಾರೂ ಕೊಟ್ಟಿರಲಿಲ್ಲ. ಈ ಏಳು ಪುಟ ಶಾಲೆಯದ್ದೇ ಸ್ವಂತ ಕಾಗದ.

ಈಗ ಏಜೆಂಟರ ವಿಷಯಕ್ಕೆ ಬರೋಣ. ಕೆಲಸ ಕೊಡಿಸಿದವರು "ನಮ್ಮವರೇ". ಹೆಸರು ಬೇಡ. ಸಂಘದ ಎಲ್ಲ ಪೂಜೆಗೂ ಬರುತ್ತಾರೆ, ರಸೀದಿ ಪುಸ್ತಕ ನೋಡದೆ ದೇಣಿಗೆ ಕೊಡುತ್ತಾರೆ. ಅವರು ಕೇಳಿದ್ದು 65,000 ರೂಪಾಯಿ "ಪ್ರೊಸೆಸಿಂಗ್" ಖರ್ಚು. ಅದರಲ್ಲಿ 25,000 ಭಾವ ಆಗಲೇ ಕೊಟ್ಟಾಗಿತ್ತು, ನಗದಾಗಿ, ರಸೀದಿ ಇಲ್ಲದೆ. ಜೊತೆಗೆ ಒಂದು ಸಲಹೆ ಬೇರೆ: "ಮೊದಲು ವಿಸಿಟ್ ವೀಸಾದಲ್ಲಿ ಹೋಗಿ ಸೇರಲಿ, ಅಲ್ಲಿ ಬದಲಾಯಿಸಿಕೊಳ್ಳೋಣ."

ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆ ಅಂತ ಒಂದಿದೆ. ವಿದೇಶದ ಕೆಲಸಕ್ಕೆ ಜನ ಕಳಿಸುವವರು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಾಯಿತ ಏಜೆಂಟರು ಕೂಡ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡದ್ದಕ್ಕೆ ರಸೀದಿ ಕೊಡಬೇಕು. ಯಾರು ನೋಂದಾಯಿತರು ಅಂತ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಾನು ನೋಡಿದೆ. "ನಮ್ಮವರ" ಹೆಸರು ಅಲ್ಲಿರಲಿಲ್ಲ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದಂತೂ ಅಲ್ಲಿ ಅಪರಾಧ. ಪರ್ಮಿಟ್ ಇಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕರಿಗೆ 2024ರಲ್ಲಿ ದಂಡವನ್ನು ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಾಮ್ ತನಕ ಏರಿಸಿದ್ದಾರೆ. ಸಿಕ್ಕಿಬಿದ್ದರೆ ಹುಡುಗಿಯ ಗತಿ ಏನು?

ಇಲ್ಲಿ ಇನ್ನೊಂದು ವಿಚಿತ್ರ ಇದೆ. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿಗೆ ಕೆಲಸಕ್ಕೆ ಹೊರಟರೆ ಸರ್ಕಾರ ಅವರ ಕರಾರು ನೋಡಿ ಅನುಮತಿ ಕೊಡುತ್ತದೆ. ನರ್ಸುಗಳು ಓದಿದವರಾದರೂ ಅವರಿಗೆ ಆಗುತ್ತಿದ್ದ ಮೋಸ ನೋಡಿ 2015ರಲ್ಲಿ ಅವರನ್ನೂ ಈ ಅನುಮತಿಯ ವ್ಯವಸ್ಥೆಯೊಳಗೆ ತಂದರು. ಶಿಕ್ಷಕಿಯರಿಗೆ ಇದು ಇಲ್ಲ. ಪದವಿ ಇದೆಯಲ್ಲ, ಅವರೇ ನೋಡಿಕೊಳ್ಳುತ್ತಾರೆ ಎಂಬ ಲೆಕ್ಕ. ಹಾಗಾದರೆ ಅವಳ ಕಾಗದ ನೋಡಬೇಕಾದವರು ಯಾರು? ಮನೆಯವರು, ಬಂಧುಗಳು, ಸಂಘದವರು. ಅಂದರೆ ಆ ಹಾಲ್‌ನಲ್ಲಿ ಕೂತು ಗೋಳಿಬಜೆ ತಿಂದವರು!

ಸಿದ್ಧತೆ ಅಂದರೆ ನಮ್ಮ ಮನೆಗಳಲ್ಲಿ ಸೂಟ್‌ಕೇಸು. ನಿಜವಾದ ಸಿದ್ಧತೆ ಕಾಗದದ್ದು. ಆ ಹುಡುಗಿ ಅದನ್ನು ಒಬ್ಬಳೇ ಮಾಡಿದ್ದಾಳೆ. ಪದವಿ ಪತ್ರ ನಿಜವಾದದ್ದು ಅಂತ ವಿಶ್ವವಿದ್ಯಾಲಯದ ಪರಿಶೀಲನೆ, ಅದರ ಮೇಲೆ ರಾಜ್ಯ ಸರ್ಕಾರದ ಮುದ್ರೆ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ, ಅದರ ಮೇಲೆ ಯುಎಇ ರಾಯಭಾರ ಕಚೇರಿಯದ್ದು, ಕೊನೆಗೆ ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯದ್ದು. ಅಪೋಸ್ಟಿಲ್ ಎಂಬ ಒಂದೇ ಮುದ್ರೆಯಲ್ಲಿ ಕೆಲಸ ಮುಗಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2005ರಲ್ಲೇ ಸೇರಿದೆ. ಓಮಾನ್, ಬಹರೈನ್ ಸೇರಿವೆ, ಸೌದಿಯೂ 2022ರಲ್ಲಿ ಸೇರಿತು. ಯುಎಇಗೆ ಮಾತ್ರ ಈ ಉದ್ದದ ದಾರಿಯೇ ಗತಿ. ಜೊತೆಗೆ ಪೊಲೀಸ್ ಕ್ಲಿಯರೆನ್ಸ್ ಪತ್ರ, ಶಾರ್ಜಾದ ಖಾಸಗಿ ಶಿಕ್ಷಣ ಪ್ರಾಧಿಕಾರದ ಒಪ್ಪಿಗೆ. ಡೊಂಬಿವಲಿಯಿಂದ ಸಿಎಸ್‌ಟಿಗೆ ಲೋಕಲ್ ಹಿಡಿದು ಎಷ್ಟು ಸಲ ಹೋಗಿ ಬಂದಳೋ ಅವಳಿಗೇ ಗೊತ್ತು. ಅಷ್ಟೂ ಸಲ ಫೈಲನ್ನು ಎದೆಗೊತ್ತಿಕೊಂಡು ನಿಂತೇ ಹೋಗಿದ್ದಾಳೆ. ಇಷ್ಟು ಕಷ್ಟಪಟ್ಟು ಐದು ಮುದ್ರೆ ಹಾಕಿಸಿದ ಆ ಕಾಗದವನ್ನು ಶಾಲೆಯ ಕಪಾಟಿನಲ್ಲಿ ಒತ್ತೆ ಇಡಬೇಕಂತೆ!

ಇದನ್ನೆಲ್ಲ ನಮ್ಮ ಹಿರಿಯರೊಬ್ಬರ ಹತ್ತಿರ ಹೇಳಿದೆ. ಅವರು ಕೊಟ್ಟ ಉತ್ತರ: "ಮೊದಲ ಕೆಲಸ ಮಾರಾಯ್ರೇ. ಹೀಗೆಲ್ಲ ಪ್ರಶ್ನೆ ಕೇಳಿದರೆ ಕೆಲಸ ಕೈತಪ್ಪೀತು. ಸುಮ್ಮನೆ ಒಂದು ಸಹಿ ಹಾಕಿ ಹೋಗಲಿ."

ಸುಮ್ಮನೆ ಒಂದು ಸಹಿ! ಈ ಮಾತನ್ನು ನನ್ನ ಮೇಜಿನ ಎದುರು ಕೂತು ಅಳುತ್ತಾ ಹೇಳಿದವರನ್ನು ನಾನು ಎಷ್ಟು ಮಂದಿ ನೋಡಿದ್ದೇನೆ. "ಸಾರ್, ಗೆಳೆಯನ ಸಾಲಕ್ಕೆ ಸುಮ್ಮನೆ ಒಂದು ಸಹಿ ಹಾಕಿದ್ದು." ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಅಂತ ಗೊತ್ತಾಗುವುದು ನೋಟೀಸು ಮನೆಗೆ ಬಂದ ಮೇಲೆ. ಸುಮ್ಮನೆ ಹಾಕುವ ಸಹಿ ಅಂತ ಲೋಕದಲ್ಲಿ ಒಂದಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ಕೈತಪ್ಪುವ ಕೆಲಸ ಇದ್ದರೆ ಅದು ಕೈತಪ್ಪುವುದೇ ಲೇಸು.

ಇನ್ನೊಬ್ಬರ ತಕರಾರು ಬೇರೆ. "ಹೆಣ್ಣು ಹುಡುಗಿ, ಒಬ್ಬಳೇ ಅಷ್ಟು ದೂರ ಯಾಕೆ?" ಇವರ ತಂದೆ ಹನ್ನೆರಡನೇ ವಯಸ್ಸಿಗೆ ಮಂಗಳೂರಿನಿಂದ ಹಡಗು ಹತ್ತಿ ಬೊಂಬಾಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದವರು. ಮಲಗಿದ್ದು ಅದೇ ಹೋಟೆಲಿನ ಮೇಜಿನ ಮೇಲೆ. ಆಗ ಯಾರೂ "ಮಗು, ಒಬ್ಬನೇ ಯಾಕೆ" ಅನ್ನಲಿಲ್ಲ. ನಾನು ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಬಿಕಾಂ ಮುಗಿಸಿ 1992ರಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಇಲ್ಲಿಗೆ ಬಂದಾಗ ಕೊಂಕಣ ರೈಲ್ವೆ ಇನ್ನೂ ಆಗಿರಲಿಲ್ಲ. ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬಂದೆ. ಈಗ ಶಾರ್ಜಾಕ್ಕೆ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ. ಹೆಣ್ಣು ಒಬ್ಬಳೇ ಹೋಗುವುದು ಸಮಸ್ಯೆ ಅಲ್ಲ. ಅವಳ ಕೈಯಲ್ಲಿ ಸರಿಯಾದ ಕಾಗದ ಇಲ್ಲದಿರುವುದು ಸಮಸ್ಯೆ.

ಹಾಗಾದರೆ ನಾನು ಅವಳು ಹೋಗುವುದು ಬೇಡ ಎನ್ನುತ್ತಿದ್ದೇನೆಯೇ? ಇಲ್ಲ. ಲೆಕ್ಕ ನೋಡಿ. 3,500ರಲ್ಲಿ ಹಂಚಿಕೊಂಡ ಕೋಣೆಯ ಬೆಡ್ ಸ್ಪೇಸಿಗೆ 900, ಊಟಕ್ಕೆ 600, ಫೋನು-ಬಸ್ಸು 300 ಅಂತ ಅವಳೇ ವಿಚಾರಿಸಿ ಬರೆದಿಟ್ಟಿದ್ದಾಳೆ. ಉಳಿಯುವುದು 1,700, ಸುಮಾರು 40,000 ರೂಪಾಯಿ. ಬಿಎಡ್‌ಗೆ ತೆಗೆದ ಶಿಕ್ಷಣ ಸಾಲದ ಕಂತು 4,500 ಕಟ್ಟಿದರೂ ಕೈಯಲ್ಲಿ 36,000 ಉಳಿಯುತ್ತದೆ. ಇಲ್ಲಿ ಅವಳಿಗೆ ಸಿಗುತ್ತಿದ್ದದ್ದು ಎಷ್ಟು ಅಂತ ಕೇಳಿ. ಇಲ್ಲಿಗೇ ನಾನು ಬರಬೇಕಾದದ್ದು.

ಬಿಎಡ್ 2015ರಿಂದ ಎರಡು ವರ್ಷದ್ದಾಗಿದೆ. ಅದರ ಮೇಲೆ ಟಿಇಟಿ. ಅದರ ಮೇಲೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ 'ಪವಿತ್ರ' ಪೋರ್ಟಲ್‌ನ ಕಾಯುವಿಕೆ. ಕಾದು ಕಾದು ಸಿಕ್ಕಿದರೂ ಮೊದಲ ಮೂರು ವರ್ಷ ಮಹಾರಾಷ್ಟ್ರದಲ್ಲಿ ಆಕೆ 'ಶಿಕ್ಷಣ ಸೇವಕ'. ಸೇವಕರಿಗೆ ಸಂಬಳ ಇಲ್ಲ, ಮಾನಧನ. ಪ್ರಾಥಮಿಕ ಶಾಲೆಯಲ್ಲಿ ಅದು ವರ್ಷಗಟ್ಟಲೆ ತಿಂಗಳಿಗೆ 6,000 ರೂಪಾಯಿ ಇತ್ತು. 2023ರಲ್ಲಿ 16,000 ಮಾಡಿದರು, ಮಾಧ್ಯಮಿಕಕ್ಕೆ 18,000. ಡೊಂಬಿವಲಿಯಲ್ಲಿ ಒಂದು ಕೋಣೆಯ ಬಾಡಿಗೆ ಕೊಟ್ಟು ನೋಡಿ, ಎಷ್ಟು ಉಳಿಯುತ್ತದೆ ಅಂತ.

ಇನ್ನು ಅನುದಾನ ಇಲ್ಲದ ಖಾಸಗಿ ಶಾಲೆಗಳು. ಖಾಸಗಿ ಶಾಲೆಯ ನೌಕರರ ಸೇವಾ ಷರತ್ತುಗಳಿಗೆ ಮಹಾರಾಷ್ಟ್ರದಲ್ಲಿ 1977ರಲ್ಲೇ ಕಾಯ್ದೆ ಬಂದಿದೆ. ಕಾಗದದಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಕೌಂಟರಿನ ಈಚೆ ಕೂತವರಿಗೆ ಬೇರೆ ಚಿತ್ರ ಕಾಣುತ್ತದೆ. ಯಾವ ಶಾಲೆ, ಯಾವ ಬ್ರಾಂಚು ಎಂಬುದನ್ನು ನಾನು ಹೇಳುವಂತಿಲ್ಲ, ಹೇಳುವುದೂ ಇಲ್ಲ. ತಿಂಗಳ ಮೊದಲ ವಾರ ಟೀಚರ ಖಾತೆಗೆ ಪೂರ್ತಿ ಸಂಬಳ ಜಮೆ ಆಗುತ್ತದೆ. ಎರಡನೇ ದಿನ ಅದರಲ್ಲಿ ಅರ್ಧ ನಗದಾಗಿ ಹೊರಗೆ ಹೋಗುತ್ತದೆ. ಪ್ರತಿ ತಿಂಗಳೂ ಅಷ್ಟೇ ಮೊತ್ತ, ಹತ್ತು ಹನ್ನೆರಡು ಖಾತೆಯಿಂದ ಒಂದೇ ದಿನ. ಆ ದುಡ್ಡು ಎಲ್ಲಿಗೆ ವಾಪಸು ಹೋಗುತ್ತದೆ ಅಂತ ಕೇಳಿದರೆ ಟೀಚರು ತಲೆ ತಗ್ಗಿಸಿ "ಮನೆ ಖರ್ಚಿಗೆ ಸಾರ್" ಅನ್ನುತ್ತಾರೆ.

ಈಗ ನನ್ನ ಸರದಿ. ನಮ್ಮವರೇ ನಡೆಸುವ ಒಂದು ಸಣ್ಣ ಶಾಲೆಯ ಆಡಳಿತ ಸಮಿತಿಯಲ್ಲಿ ನಾನು ಆರು ವರ್ಷ ಗೌರವ ಕೋಶಾಧಿಕಾರಿ. ಅಲ್ಲಿ ಹೀಗೆ ನಗದು ವಾಪಸು ತೆಗೆದುಕೊಳ್ಳುವ ಕೆಲಸ ಮಾಡಿಲ್ಲ, ಅಷ್ಟು ಹೇಳಬಲ್ಲೆ. ಆದರೆ ಹೊಸ ಶಿಕ್ಷಕಿಗೆ ತಿಂಗಳಿಗೆ 12,000 ರೂಪಾಯಿ ಅಂತ ಬಜೆಟ್ ಬರೆದವನು ನಾನೇ. ಕೆಳಗೆ ಸಹಿ ನನ್ನದೇ. ಅದೇ ವರ್ಷ ಹಾಲ್‌ಗೆ ಎಸಿ ಹಾಕಿಸಿದೆವು, ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ಹಾಕಿಸಿದೆವು. ಫಲಕಕ್ಕೆ ದಾನಿಗಳು ಸಿಗುತ್ತಾರೆ, ಟೀಚರ ಸಂಬಳಕ್ಕೆ ಸಿಗುವುದಿಲ್ಲ, ಏನು ಮಾಡುವುದು ಅಂತ ಆಗ ನಾವು ಪರಸ್ಪರ ಸಮಾಧಾನ ಹೇಳಿಕೊಂಡೆವು.

ಆ ಹುಡುಗಿ ಬಿಎಡ್ ಮುಗಿಸಿ ಮೊದಲು ಅರ್ಜಿ ಹಾಕಿದ್ದು ಅದೇ ಶಾಲೆಗೆ. 12,000 ಅಂದರು. ಅವಳು ಬರಲಿಲ್ಲ. ನನಗೆ ಅವತ್ತು ಸ್ವಲ್ಪ ಬೇಜಾರೂ ಆಗಿತ್ತು, ನಮ್ಮ ಹುಡುಗಿ ನಮ್ಮ ಶಾಲೆಗೆ ಬರುವುದಿಲ್ಲ ಅಂದಳಲ್ಲ ಅಂತ. ಆ ಏಳು ಪುಟ ಓದುತ್ತಾ "ಇವರು ಮೂಲವೇತನ ಎಷ್ಟು ಕಡಿಮೆ ಇಟ್ಟಿದ್ದಾರೆ ನೋಡು" ಅಂತ ನಾನು ಹಾರಾಡಿದಾಗ ಅವಳು ಮೆಲ್ಲಗೆ ಅಂದಳು: "ಮಾವ, 1,400 ದಿರ್ಹಾಮ್ ಅಂದ್ರೆ 33,600 ರೂಪಾಯಿ. ನಿಮ್ಮ ಬಜೆಟ್‌ನಲ್ಲಿ ಇದ್ದದ್ದು 12,000 ಅಲ್ವಾ?"

ನಾನು ಕನ್ನಡಕ ತೆಗೆದು ಒರೆಸಿದೆ. ಬೇರೆ ಏನೂ ಹೇಳಲು ಬರಲಿಲ್ಲ.

ಈ ಮಾತು ಎತ್ತಿದರೆ ನಮ್ಮವರು ಒಂದು ಬ್ರಹ್ಮಾಸ್ತ್ರ ತೆಗೆಯುತ್ತಾರೆ: "ವಿದ್ಯೆ ಕಲಿಸುವುದು ಸೇವೆ. ಮುಂಬಯಿಯ ರಾತ್ರಿ ಶಾಲೆಗಳ ಮಾಸ್ತರರು ಸಂಬಳ ನೋಡಿ ಕಲಿಸಿದರೇ?" ರಾತ್ರಿ ಶಾಲೆಗಳ ಮೇಲೆ ನನಗೆ ಯಾರಿಗಿಂತಲೂ ಕಡಿಮೆ ಗೌರವ ಇಲ್ಲ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಹಿಡಿದು 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಷನ್ ತನಕ ಈ ಊರಿನ ನಮ್ಮ ಸಂಸ್ಥೆಗಳು ವಿದ್ಯೆಯನ್ನು ದೊಡ್ಡ ಕೆಲಸ ಎಂದೇ ತಿಳಿದವು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಕೋಟೆ ಪ್ರದೇಶದ ಶಾಲೆಗಳಲ್ಲಿ ಕನ್ನಡದಲ್ಲಿ ಓದಿ ಎಸ್ಸೆಸ್ಸಿ ಪಾಸಾದರು, ಕೆಲವರು ವಕೀಲರಾದರು, ನನ್ನ ಬ್ಯಾಂಕಿನಲ್ಲೇ ಮ್ಯಾನೇಜರಾದರು.

ಆದರೆ ಒಂದು ವಿಷಯ ಮರೆಯುತ್ತೇವೆ. ಆ ಮಾಸ್ತರರಲ್ಲಿ ಬಹಳ ಮಂದಿಗೆ ಹಗಲು ಬೇರೆ ಕೆಲಸ ಇತ್ತು. ಆಫೀಸಿನಲ್ಲಿ ಗುಮಾಸ್ತರಾಗಿ ಹೊಟ್ಟೆಗೆ ದುಡಿದು, ಸಂಜೆಯ ಎರಡು ಗಂಟೆ ಸಮಾಜಕ್ಕೆ ಕೊಟ್ಟರು. ಹೊಟ್ಟೆ ಬೇರೆ ಕಡೆ ತುಂಬಿದ್ದರಿಂದ ಸೇವೆ ಸಾಧ್ಯವಾಯಿತು. ಇವತ್ತಿನ ಶಿಕ್ಷಕಿಗೆ ಇದೊಂದೇ ಕೆಲಸ. ಬೆಳಿಗ್ಗೆ ಏಳರಿಂದ ಸಂಜೆಯ ತನಕ, ಮನೆಗೆ ಹೋದ ಮೇಲೆ ಪೇಪರ್ ತಿದ್ದುವುದು ಬೇರೆ. ಅವಳ ಹೊಟ್ಟೆಯನ್ನೇ ಸೇವೆ ಅಂತ ಕರೆದು ಅರ್ಧ ಖಾಲಿ ಇಡುವುದು ರಾತ್ರಿ ಶಾಲೆಯ ಪರಂಪರೆ ಅಲ್ಲ, ಆ ಪರಂಪರೆಯ ಹೆಸರಲ್ಲಿ ಜಿಪುಣತನ. ಸೇವೆ ಅನ್ನುವುದು ಮಾಡುವವರು ಆರಿಸಿಕೊಳ್ಳಬೇಕಾದ್ದು. ಬಜೆಟ್ ಬರೆಯುವ ಕೋಶಾಧಿಕಾರಿ ಇನ್ನೊಬ್ಬರ ಪರವಾಗಿ ಆರಿಸುವುದಲ್ಲ.

ಆಮೇಲೆ ಇದೇ ನಾವು, ಕನ್ನಡ ಶಾಲೆಗಳು ಮುಚ್ಚುತ್ತಿವೆ, ಕಲಿಸುವವರು ಸಿಗುವುದಿಲ್ಲ ಅಂತ ನವೆಂಬರ್ ತಿಂಗಳಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತೇವೆ. ಹೇಗೆ ಸಿಗುತ್ತಾರೆ? ನಾವು ಕೊಡದ ಸಂಬಳವನ್ನು ಹುಡುಕಿಕೊಂಡು ಸಮುದ್ರ ದಾಟುವ ಹುಡುಗಿಗೆ ಶಾಲು ಹೊದಿಸುತ್ತೇವೆ. ಆ ಶಾಲಿನ ಮೇಲೆ ಅಸಲಿಗೆ "ಕ್ಷಮಿಸು" ಅಂತ ಬರೆದಿರಬೇಕಿತ್ತು.

ಬೈದದ್ದಾಯಿತು, ಏನು ಮಾಡಬೇಕು ಅಂತಲೂ ಹೇಳಬೇಕಲ್ಲ. ದೊಡ್ಡ ಮಾತು ಬೇಡ, ನಾಲ್ಕೇ ಮಾತು.

ಒಂದು, ಸನ್ಮಾನ ಮಾಡುವ ಪ್ರತಿ ಸಂಘವೂ ತಿಂಗಳಿಗೆ ಒಂದು ಭಾನುವಾರ ಹಾಲ್‌ನ ಮೂಲೆಯಲ್ಲಿ ಒಂದು ಮೇಜು ಹಾಕಲಿ. ಒಬ್ಬ ವಕೀಲ, ಒಬ್ಬ ಬ್ಯಾಂಕಿನವ, ಕೊಲ್ಲಿಯಲ್ಲಿ ದುಡಿದು ಬಂದ ಒಬ್ಬರು. ನಮ್ಮಲ್ಲಿ ಈ ಮೂರೂ ಬಗೆಯವರು ಬೇಕಾದಷ್ಟು ಮಂದಿ ಇದ್ದಾರೆ. ಹೊರಡುವ ಮಕ್ಕಳು ಕಾಗದ ತರಲಿ, ಓದಿ ಹೇಳಿ. ಕೇರಳ ಸರ್ಕಾರ ಹೊರದೇಶಕ್ಕೆ ಹೋಗುವ ತನ್ನವರಿಗಾಗಿ 1996ರಲ್ಲೇ ನೋರ್ಕಾ ಎಂಬ ಇಲಾಖೆ ತೆರೆಯಿತು. ನಮ್ಮ ಮಕ್ಕಳು ಕರ್ನಾಟಕಕ್ಕೆ ಹೊರನಾಡಿನವರು, ಮಹಾರಾಷ್ಟ್ರಕ್ಕೆ ಪರಭಾಷಿಕರು. ನಮಗೆ ನಾವೇ ಇಲಾಖೆ.

ಎರಡು, ಸಚಿವಾಲಯದ ಆಫರ್ ಪತ್ರ ಮತ್ತು ಕೆಲಸದ ಪ್ರವೇಶ ಪರ್ಮಿಟ್ ಕೈಗೆ ಬರದೆ ಟಿಕೆಟ್ ಬೇಡ. ಮೂಲ ಸರ್ಟಿಫಿಕೇಟು, ಪಾಸ್‌ಪೋರ್ಟು ಯಾರ ವಶಕ್ಕೂ ಬೇಡ. ತೋರಿಸಿ, ನಕಲು ಕೊಟ್ಟು, ವಾಪಸು ತೆಗೆದುಕೊಳ್ಳಿ.

ಮೂರು, ಇದು ನನ್ನ ಕಸುಬಿನ ಮಾತು. ಹೊರದೇಶಕ್ಕೆ ಕೆಲಸಕ್ಕೆ ಹೊರಟವರ ಸಾಮಾನ್ಯ ಉಳಿತಾಯ ಖಾತೆ ಫೆಮಾ ನಿಯಮದ ಪ್ರಕಾರ ಎನ್‌ಆರ್‌ಒ ಆಗಿ ಬದಲಾಗಬೇಕು. ಅಲ್ಲಿನ ಸಂಬಳ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕಾದಾಗ ಹಣ ವಾಪಸು ಒಯ್ಯಬಹುದು. ಖಾಲಿ ಚೆಕ್ಕುಗಳಿಗೆ ಸಹಿ ಹಾಕಿ ಅಪ್ಪನ ಕೈಗೆ ಕೊಟ್ಟು ಹೋಗುವುದು ನಮ್ಮ ಹಳೇ ಅಭ್ಯಾಸ. ಬೇಡ. ಸಾಲದ ಕಂತು ಖಾತೆಯಿಂದ ತಾನಾಗಿ ಹೋಗುವಂತೆ ಬರೆದುಕೊಟ್ಟು ಹೋಗಿ.

ನಾಲ್ಕು, ಶಾಲೆ ನಡೆಸುವ ನಮ್ಮವರು ಬಜೆಟ್ ಬರೆಯುವಾಗ ಟೀಚರ ಸಂಬಳ ಮೊದಲ ಸಾಲಿನಲ್ಲಿ ಬರೆಯಲಿ. ಅದಾದ ಮೇಲೆ ಉಳಿದರೆ ಎಸಿ, ಉಳಿದರೆ ಫಲಕ.

ಈಗ ಏನಾಗಿದೆ ಅಂತ ಕೇಳುತ್ತೀರಿ. ಹುಡುಗಿ ಶಾಲೆಗೆ ತಾನೇ ಮೇಲ್ ಬರೆದಳು, ಮರ್ಯಾದೆಯಾಗಿ, ಐದು ಪ್ರಶ್ನೆ. ನಾಲ್ಕು ದಿನ ಉತ್ತರ ಇಲ್ಲ. ಆ ನಾಲ್ಕು ದಿನ ಅಕ್ಕ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಐದನೆಯ ದಿನ ಸಚಿವಾಲಯದ ಆಫರ್ ಪತ್ರ ಬಂತು. ಸರ್ಟಿಫಿಕೇಟಿನ ಷರತ್ತು ಹೋಯಿತು, ಖರ್ಚು ವಾಪಸಿನ ಷರತ್ತೂ ಹೋಯಿತು. ಮೂಲವೇತನ 2,000 ಆಯಿತು, ಒಟ್ಟು ಮಾತ್ರ ಅಷ್ಟೇ. ಕೆಲಸ ಕೈತಪ್ಪಲಿಲ್ಲ. ಏಜೆಂಟರು 25,000 ವಾಪಸು ಕೊಟ್ಟಿಲ್ಲ, ಪೂಜೆಗೆ ಬರುವುದನ್ನು ಬಿಟ್ಟಿದ್ದಾರೆ.

ನಮ್ಮ ಶಾಲೆಯ ಸಮಿತಿಯಲ್ಲಿ, ಹೊಸ ಶಿಕ್ಷಕಿಯರ ಸಂಬಳ 12,000ದಿಂದ 20,000 ಮಾಡಬೇಕು, ಅದಕ್ಕಾಗಿ ಈ ವರ್ಷದ ವಾರ್ಷಿಕೋತ್ಸವದ ಖರ್ಚು ಕಡಿತ ಮಾಡಬೇಕು ಅಂತ ನಾನು ಲಿಖಿತವಾಗಿ ಕೊಟ್ಟೆ. "ಮುಂದಿನ ಸಭೆಯಲ್ಲಿ ನೋಡೋಣ" ಅಂತ ಆಯಿತು. ಮುಂದಿನ ಸಭೆಯಲ್ಲೂ ಆಗದಿದ್ದರೆ ಆ ಬಜೆಟ್‌ಗೆ ನನ್ನ ಸಹಿ ಇರುವುದಿಲ್ಲ ಅಂತ ಹೇಳಿ ಬಂದಿದ್ದೇನೆ. ಆರು ವರ್ಷ ಹಾಕಿದ ಸಹಿಗೆ ಇದು ಸಾಕಾಗುವುದಿಲ್ಲ, ಗೊತ್ತು.

ಮತ್ತೆ ಯಾರದ್ದಾದರೂ ಸನ್ಮಾನ ಇದ್ದರೆ ನನ್ನನ್ನೂ ಕರೆಯಿರಿ, ಬರುತ್ತೇನೆ. ಆದರೆ ಹಿಂದಿನ ದಿನವೇ ಕರೆಯಿರಿ. ಶಾಲು ನೀವು ತನ್ನಿ, ನಾನು ಕನ್ನಡಕ ತರುತ್ತೇನೆ.